ಆಕ್ಷೇಪಣೆಯನ್ನೇ ಸೋಪಾನವಾಗಿಸಿದ ವಿಜ್ಞಾನಿ: ಪ್ರೊ. ಜಿ. ಎನ್. ರಾಮಚಂದ್ರನ್

ಭಾರತದ ಪ್ರಯೋಗಶಾಲೆಗಳಲ್ಲಿಯೇ ದುಡಿದು ಜೀವಭೌತವಿಜ್ಞಾನಕ್ಕೆ ಶಾಶ್ವತವಾದ ಕಾಣಿಕೆಯನ್ನಿತ್ತವರಲ್ಲಿ ಪ್ರೊ. ಜಿ. ಎನ್. ರಾಮಚಂದ್ರನ್ ಅವರು ಅಗ್ರಗಣ್ಯರು. ೧೯೨೨ರ ಅಕ್ಟೋಬರ್ ೮ರಂದು ಎರ್ನಾಕುಲಂನಲ್ಲಿ ಜನಿಸಿದ ಅವರಿಗೆ ಗಣಿತದ ಅಭಿರುಚಿಯು ಗಣಿತ ಪ್ರಾಧ್ಯಾಪಕರಾಗಿದ್ದ ತಂದೆಯವರಿಂದಲೇ ಬಂದಿತು. ತಿರುಚಿರಾಪಳ್ಳಿಯಲ್ಲಿ ಭೌತವಿಜ್ಞಾನದ ಪದವಿಯನ್ನು ಪಡೆದು, ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಶಾಸ್ತ್ರ ವಿಭಾಗವನ್ನು ಸೇರಿದರು. ಈ ತರುಣನ ಪ್ರತಿಭೆಯನ್ನು ಕಂಡ ಸರ್ ಸಿ. ವಿ. ರಾಮನ್ ಅವರು ಭೌತವಿಜ್ಞಾನದತ್ತ ಸೆಳೆದುಕೊಂಡರು. ಮುಂದೆ ಕೇಂಬ್ರಿಜ್‌ನಲ್ಲಿ ಎರಡು ವರ್ಷ ಸಂಶೋಧನೆ ನಡೆಸಿ, ೧೯೪೯ರಲ್ಲಿ ಡಾಕ್ಟರೇಟ್ ಪದವಿಯೊಡನೆ ಸ್ವದೇಶಕ್ಕೆ ಮರಳಿದರು.

೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಹೊಣೆ ಅವರ ಹೆಗಲೇರಿತು. ಆಗಿನ್ನೂ ಅವರಿಗೆ ಮೂವತ್ತು ವರ್ಷ. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲವನ್ನೀಯುವ ಕೊಲಾಜನ್ ಎಂಬ ಪ್ರೋಟೀನಿನ ರಚನೆ ಆ ಕಾಲಕ್ಕೆ ಬಿಡಿಸಲಾಗದ ಒಗಟಾಗಿತ್ತು. ಗೋಪಿನಾಥ ಕರ್ತಾ ಅವರೊಡನೆ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿದ ರಾಮಚಂದ್ರನ್, ಮೂರು ಸರಪಳಿಗಳು ಕೂಡಿ ಕೊಲಾಜನ್ ಆಗಿದೆಯೆಂದು ೧೯೫೪ರಲ್ಲಿ ಪ್ರಕಟಿಸಿದರು; ಅವು ಮೂರೆಳೆಯ ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡಿವೆಯೆಂದು ಮರುವರ್ಷ ತೋರಿಸಿದರು.

ಆದರೆ ಕೀರ್ತಿಯ ಬೆನ್ನಿಗೇ ಪರೀಕ್ಷೆಯೂ ಬಂದಿತು. ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಎಂಬ ವಿದ್ವಾಂಸರು, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಪರಸ್ಪರ ತೀರ ಸಮೀಪಕ್ಕೆ ಬಂದಿವೆಯೆಂದು ಆಕ್ಷೇಪಿಸಿದರು. ರಾಮಚಂದ್ರನ್ ಅವರು ವಾದದಲ್ಲಿ ಕಾಲ ಕಳೆಯಲಿಲ್ಲ. ಪರಮಾಣುಗಳು ಎಷ್ಟು ಸಮೀಪಿಸಬಹುದು ಎಂಬ ಮೂಲಪ್ರಶ್ನೆಯನ್ನೇ ಕೈಗೆತ್ತಿಕೊಂಡು, ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳಿಂದ ಆ ಅಂತರಗಳನ್ನು ಸಂಗ್ರಹಿಸಿದರು. ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ನಡೆಸಿದ ಈ ಲೆಕ್ಕಾಚಾರದ ಫಲವೇ ೧೯೬೩ರಲ್ಲಿ ಪ್ರಕಟವಾದ ರಾಮಚಂದ್ರನ್ ನಕ್ಷೆ.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳ ಸರಪಳಿ. ಅದರ ಪ್ರತಿಯೊಂದು ಕೊಂಡಿಯ ಬಳಿಯೂ ಸರಪಳಿಯು ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗಬಲ್ಲದು. ನಮ್ಮ ಮೊಣಕೈ ಎಲ್ಲ ದಿಕ್ಕಿಗೂ ಬಾಗದಂತೆ, ಈ ಕೋನಗಳಿಗೂ ಮಿತಿಯುಂಟು. ಮಿತಿ ಮೀರಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಸಾಧ್ಯವಾದ ಬಾಗುಗಳಾವುವು, ಅಸಾಧ್ಯವಾದವು ಯಾವುವು ಎಂಬುದನ್ನು ಈ ನಕ್ಷೆ ಒಂದೇ ಪುಟದಲ್ಲಿ ತೋರಿಸುತ್ತದೆ. ಹೊಸ ಪ್ರೋಟೀನಿನ ರಚನೆಯನ್ನು ಕಂಡುಹಿಡಿದವರು ಇಂದಿಗೂ ಅದನ್ನು ಈ ನಕ್ಷೆಯ ಒರೆಗೆ ಹಚ್ಚಿ ನೋಡುತ್ತಾರೆ. ಕೊಲಾಜನ್ ಮಾದರಿಯ ವಿವರಗಳು ಮುಂದೆ ತಿದ್ದುಪಡಿಯಾದರೂ ಮೂರೆಳೆಯ ಮೂಲ ಕಲ್ಪನೆ ಸ್ಥಿರವಾಗಿ ನಿಂತಿತು.

ಬಳಿಕ ಬೆಂಗಳೂರಿಗೆ ಹಿಂದಿರುಗಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. ಕ್ಷ-ಕಿರಣದ ನೆರಳುಗಳಿಂದ ವಸ್ತುವಿನ ಒಳರೂಪವನ್ನು ಮರಳಿ ಪಡೆಯುವ ಗಣಿತ ವಿಧಾನವೊಂದನ್ನು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ೧೯೭೧ರಲ್ಲಿ ಪ್ರಕಟಿಸಿದರು, ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ವಿದ್ಯೆಗೆ ಅದು ಬಹಳ ಉಪಕಾರಿಯಾಯಿತು. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ ೧೯೯೯ರಲ್ಲಿ ಎವಾಲ್ಡ್ ಪ್ರಶಸ್ತಿಯೂ ಅವರನ್ನರಸಿ ಬಂದವು. ೨೦೦೧ರ ಏಪ್ರಿಲ್ ೭ರಂದು ಚೆನ್ನೈಯಲ್ಲಿ ಅವರು ನಿಧನರಾದರು.

ಲೆಕ್ಕ ತಪ್ಪಿದೆಯೆಂಬ ಮಾತನ್ನು ಕೇಳಿದ ವಿದ್ಯಾರ್ಥಿಯು ಮುನಿಯದೆ, ಎದೆಗುಂದದೆ, ಮತ್ತೊಮ್ಮೆ ಅಳೆಯಲು ಕುಳಿತರೆ ಅದೇ ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವ.