ವಿರಳಾನಿಲಗಳ ಟ್ರಾವರ್ಸ್

ಬೆಂಗಳೂರಿನ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಯಲ್ಲಿ ಜಮ್‌ಶೇಟ್‌ಜಿ ಟಾಟಾ, ದಿವಾನ್ ಶೇಷಾದ್ರಿ ಅಯ್ಯರ್, ನಾಲ್ವಡಿ ಕೃಷ್ಣರಾಜ ಒಡೆಯರು, ಸಿ. ವಿ. ರಾಮನ್ ಮುಂತಾದವರ ಹೆಸರುಗಳು ಸಹಜವಾಗಿಯೇ ಮುಂದೆ ನಿಲ್ಲುತ್ತವೆ. ಸಂಸ್ಥೆಯ ಮೊದಲ ನಿರ್ದೇಶಕರಾದ ಮಾರಿಸ್ ವಿಲಿಯಂ ಟ್ರಾವರ್ಸ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿಬಂದರೂ, ಯಾರೊಂದಿಗೂ ಹೊಂದಿಕೊಳ್ಳಲಾರದೆ ಅವಧಿಗೆ ಮುನ್ನ ಹೊರಟುಹೋದ ಆಡಳಿತಗಾರರೆಂದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ.

ಟ್ರಾವರ್ಸ್ ಅವರು 1872ರ ಜನವರಿ 24ರಂದು ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ವೈದ್ಯರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಫ್ರಾನ್ಸಿನ ನಾನ್ಸಿ ನಗರದಲ್ಲಿ ಕೆಲಕಾಲ ಇದ್ದು, 1894ರಲ್ಲಿ ತಾವು ಓದಿದ ಕಾಲೇಜಿಗೇ ಮರಳಿ ವಿಲಿಯಂ ರ‍್ಯಾಮ್ಸೆ ಅವರ ಸಹಾಯಕರಾದರು. ಮರುವರ್ಷವೇ ರ‍್ಯಾಮ್ಸೆ ಕ್ಲೀವೈಟ್ ಎಂಬ ಖನಿಜದಲ್ಲಿ ಹೀಲಿಯಂ ಅನಿಲವನ್ನು ಕಂಡುಹಿಡಿದರು. ಅಲ್ಲಿಂದಾಚೆಗೆ ಗುರುಶಿಷ್ಯರ ಬದುಕು ಅನಿಲಗಳನ್ನು ಅಳೆಯುವುದರಲ್ಲೇ ಸಾಗಿತು.

ಅನಿಲವನ್ನು ಅಳೆಯುವುದೆಂದರೆ ಹಾಲನ್ನು ಅಳೆದಂತಲ್ಲ. ಅನಿಲದ ಗಾತ್ರವೊಂದನ್ನೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ; ಅದು ಎಷ್ಟು ಒತ್ತಡದಲ್ಲಿ, ಯಾವ ಉಷ್ಣತೆಯಲ್ಲಿ ಇದೆಯೆಂಬುದನ್ನೂ ಹೇಳಬೇಕು. ಉಷ್ಣತೆ ಬದಲಾಗದಿದ್ದರೆ ಒತ್ತಡ ಇಮ್ಮಡಿಯಾದಾಗ ಗಾತ್ರ ಅರ್ಧಕ್ಕಿಳಿಯುತ್ತದೆಂದು ರಾಬರ್ಟ್ ಬಾಯಿಲ್ 1662ರಲ್ಲಿ ತೋರಿಸಿದ್ದರು. ಒತ್ತಡ ಬದಲಾಗದಿದ್ದರೆ, ಉಷ್ಣತೆಯ ಪ್ರತಿ ಸೆಲ್ಸಿಯಸ್ ಡಿಗ್ರಿ ಏರಿಕೆಗೂ ಸೊನ್ನೆ ಡಿಗ್ರಿಯಲ್ಲಿದ್ದ ಗಾತ್ರದ ಸುಮಾರು 273ನೆಯ ಒಂದು ಭಾಗದಷ್ಟು ಹಿಗ್ಗುತ್ತದೆಂಬುದು ಚಾರ್ಲ್ಸ್ ಮತ್ತು ಗೇ-ಲ್ಯುಸಾಕ್ ಅವರಿಂದ ತಿಳಿದುಬಂದಿತ್ತು. ಇವೆರಡನ್ನೂ ಕೂಡಿಸಿ, ಎಲ್ಲಿ ಅಳೆದ ಅನಿಲವನ್ನಾದರೂ ಸೊನ್ನೆ ಡಿಗ್ರಿಗೂ 760 ಮಿಲಿಮೀಟರು ಪಾದರಸದ ಒತ್ತಡಕ್ಕೂ ಇಳಿಸಿ ಲೆಕ್ಕ ಹಾಕುವುದು ರೂಢಿ. ಈ ಲೆಕ್ಕ ನಮ್ಮ ನೆಲದಲ್ಲಿ ಕೇವಲ ಪಠ್ಯದ ಮಾತಲ್ಲ. ಮಾಹಿಮ್ ಕೊಲ್ಲಿಯ ಅಂಚಿನಲ್ಲಿ ಸಮುದ್ರಮಟ್ಟಕ್ಕೆ ಅಂಟಿಕೊಂಡಿರುವ ಧಾರಾವಿಯಲ್ಲಿ 100 ಘನ ಸೆಂಟಿಮೀಟರು ಇರುವ ಅನಿಲ, ಸುಮಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ, ಅದೇ ಉಷ್ಣತೆಯಲ್ಲಿಯೂ, ಹತ್ತಿರಹತ್ತಿರ 111 ಘನ ಸೆಂಟಿಮೀಟರು ಆಗುತ್ತದೆ. ಅಲ್ಲಿ ಪಾದರಸ ನಿಲ್ಲುವುದು 685 ಮಿಲಿಮೀಟರಿನ ಆಸುಪಾಸಿನಲ್ಲಿ.

1898 ಟ್ರಾವರ್ಸ್ ಅವರ ಜೀವನದ ಮಹಾವರ್ಷ. ಆಗ ಅವರಿಗೆ ಇಪ್ಪತ್ತಾರು ವಯಸ್ಸು. ಹ್ಯಾಂಪ್ಸನ್ ಎಂಬವರ ಯಂತ್ರದಿಂದ ದೊರೆತ ದ್ರವವಾಯುವನ್ನು ನಿಧಾನವಾಗಿ ಆವಿಯಾಗಲು ಬಿಟ್ಟು, ಉಳಿದ ಗಸಿಯಿಂದ ಆಮ್ಲಜನಕ, ಸಾರಜನಕಗಳನ್ನು ತೆಗೆದುಹಾಕಿ, ಮಿಕ್ಕ ಅಲ್ಪ ಅನಿಲದ ರೋಹಿತವನ್ನು ನೋಡಿದಾಗ ಅದುವರೆಗೆ ಯಾರೂ ಕಾಣದ ಹಳದಿ ಮತ್ತು ಹಸಿರು ಗೆರೆಗಳು ಕಂಡವು. ಅದು ಕ್ರಿಪ್ಟಾನ್, ಮೇ 30ರ ಮಾತು. ಜೂನ್ ತಿಂಗಳಲ್ಲಿ ಕೆಂಪಗೆ ಉರಿಯುವ ನಿಯಾನ್, ಜುಲೈ ತಿಂಗಳಲ್ಲಿ ಕ್ಸೆನಾನ್ ದೊರೆತವು. ಗಾಳಿಯಲ್ಲಿ ಕ್ಸೆನಾನಿನ ಪಾಲು ಕೋಟಿಗೆ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಅಲ್ಪ ಅನಿಲದ ಸಾಂದ್ರತೆಯನ್ನು ತಿಳಿಯಲು ಪುಟ್ಟ ಗಾಜಿನ ಗೋಳದಲ್ಲಿ ಅದನ್ನು ತುಂಬಿ ತೂಗಬೇಕು. ಒತ್ತಡ, ಉಷ್ಣತೆಗಳ ತಿದ್ದುಪಡಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹೊಸ ಧಾತುವಿನ ಸ್ಥಾನವೇ ತಪ್ಪುತ್ತದೆ. ಆ ಕೈಚಳಕ ಟ್ರಾವರ್ಸ್ ಅವರದು. ಅದೇ ಬೇಸಗೆಯಲ್ಲಿ ಗುರುಶಿಷ್ಯರು ಮೆಟಾರ್ಗಾನ್ ಎಂಬ ಇನ್ನೊಂದು ಧಾತುವನ್ನೂ ಘೋಷಿಸಿಬಿಟ್ಟರು. ಅದು ಇಂಗಾಲದ ಸಂಯುಕ್ತದಿಂದ ಕಲಬೆರಕೆಯಾದ ಆರ್ಗಾನ್ ಎಂದು ಆಮೇಲೆ ತಿಳಿದುಬಂತು.

ನಿಯಾನ್ ಮತ್ತು ಹೀಲಿಯಂಗಳನ್ನು ಬೇರ್ಪಡಿಸುವುದು ಇನ್ನೂ ಕಷ್ಟವಾಗಿತ್ತು. ದ್ರವವಾಯುವಿನ ಚಳಿಯಲ್ಲಿಯೂ ಎರಡೂ ಅನಿಲಗಳಾಗಿಯೇ ಉಳಿಯುತ್ತವೆ. ಅದಕ್ಕೆ ದ್ರವ ಜಲಜನಕವೇ ಬೇಕು. ಅದನ್ನು ಮೊದಲು ತಯಾರಿಸಿದ್ದ ಜೇಮ್ಸ್ ಡ್ಯೂಅರ್ ಅವರಿಗೂ ರ‍್ಯಾಮ್ಸೆ ಅವರಿಗೂ ಸೌಹಾರ್ದವಿರಲಿಲ್ಲ. ಆದುದರಿಂದ ಟ್ರಾವರ್ಸ್ 1900ರ ವೇಳೆಗೆ ತಮ್ಮದೇ ಯಂತ್ರವನ್ನು ರೂಪಿಸಿದರು. ಸಾಮಾನ್ಯ ಉಷ್ಣತೆಯಲ್ಲಿ ಅದುಮಿದ ಜಲಜನಕವನ್ನು ಕಿರಿದಾದ ರಂಧ್ರದ ಮೂಲಕ ಹಿಗ್ಗಗೊಟ್ಟರೆ ಅದು ತಣಿಯುವುದಿಲ್ಲ, ತುಸು ಬಿಸಿಯೇ ಆಗುತ್ತದೆ. ಮೊದಲು ದ್ರವವಾಯುವಿನಲ್ಲಿ ತಣಿಸಿ, ಆಮೇಲೆ ಹಿಗ್ಗಗೊಟ್ಟರೆ ಮಾತ್ರ ಅದು ಇನ್ನಷ್ಟು ತಣಿದು ದ್ರವವಾಗುತ್ತದೆ. ಹೀಗೆ ದೊರೆತ ಸುಮಾರು ಮೈನಸ್ 253 ಡಿಗ್ರಿಯಲ್ಲಿ ನಿಯಾನ್ ಹೆಪ್ಪುಗಟ್ಟಿತು. ಅನಿಲವಾಗಿಯೇ ಉಳಿದ ಹೀಲಿಯಂ ಅನ್ನು ಪಂಪಿನಿಂದ ಸೆಳೆದು ತೆಗೆದರು.

ಅಂಥ ಚಳಿಯನ್ನು ಅಳೆಯುವುದಾದರೂ ಹೇಗೆ? ಪಾದರಸ ಯಾವಾಗಲೋ ಗಟ್ಟಿಯಾಗಿಬಿಟ್ಟಿರುತ್ತದೆ. ಇಲ್ಲಿಯೂ ನೆರವಿಗೆ ಬಂದದ್ದು ಅನಿಲವೇ. ಒಂದು ಗೋಳದಲ್ಲಿ ಹೀಲಿಯಂ ತುಂಬಿ, ಗಾತ್ರ ಬದಲಾಗದಂತೆ ಹಿಡಿದಿಟ್ಟರೆ, ಉಷ್ಣತೆ ಇಳಿದಂತೆ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒತ್ತಡವನ್ನು ಓದಿದರೆ ಉಷ್ಣತೆಯನ್ನು ಓದಿದಂತೆ. ಜ್ಯಾಕ್ರೋ ಮತ್ತು ಸೆಂಟರ್ ಅವರೊಡಗೂಡಿ ಟ್ರಾವರ್ಸ್ ಈ ಕ್ರಮದಿಂದ ದ್ರವ ಆಮ್ಲಜನಕ, ದ್ರವ ಜಲಜನಕಗಳ ಆವಿಯೊತ್ತಡಗಳನ್ನು ನಿಷ್ಕರ್ಷಿಸಿದರು. ಅನಿಲಗಳ ಪ್ರಾಯೋಗಿಕ ಅಧ್ಯಯನವನ್ನು ಕುರಿತ ಅವರ ಗ್ರಂಥ 1901ರಲ್ಲಿ ಹೊರಬಂದಿತ್ತು. 1904ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಬ್ರಿಸ್ಟಲಿನಲ್ಲಿ ಪ್ರಾಧ್ಯಾಪಕ ಪದವಿ ಒಟ್ಟಿಗೇ ಬಂದವು.

ಬೆಂಗಳೂರಿನ ಕರೆ ಬಂದದ್ದು ಇಂಥ ಏರುಕಾಲದಲ್ಲಿ. ಟಾಟಾ ಅವರು ತಮ್ಮ ಮುಂಬಯಿಯ ಆಸ್ತಿಯನ್ನು ಮುಡಿಪಿಟ್ಟು ಕನಸಿದ ಸಂಸ್ಥೆಗೆ ಸ್ಥಳ ಗೊತ್ತುಮಾಡಲು 1900ರಲ್ಲಿ ಭಾರತಕ್ಕೆ ಬಂದಿದ್ದ ರ‍್ಯಾಮ್ಸೆ ಬೆಂಗಳೂರನ್ನು ಸೂಚಿಸಿದ್ದರು. ಟಾಟಾ 1904ರಲ್ಲಿ ತೀರಿಕೊಂಡರು. 1906ರ ಕೊನೆಗೆ ಟ್ರಾವರ್ಸ್ ಬಂದಾಗ ಸಂಸ್ಥೆಯೆಂಬುದು ಕಾಗದದ ಮೇಲಷ್ಟೇ ಇತ್ತು. ಮೈಸೂರು ಸಂಸ್ಥಾನ 371 ಎಕರೆ ನೆಲವನ್ನು ಕೊಟ್ಟಿತು. ಕಾನೂನಿನ ರೂಪ ದೊರೆತದ್ದು 1909ರ ಮೇ 27ರಂದು. ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟದ್ದು 1911ರ ಫೆಬ್ರವರಿ 1ರಂದು. ಮೊದಲ ವಿದ್ಯಾರ್ಥಿಗಳು ಸೇರಿದ್ದು ಅದೇ ವರ್ಷದ ಜುಲೈನಲ್ಲಿ. ಮುಖ್ಯ ಕಟ್ಟಡದ ನಕ್ಷೆಯನ್ನು ಮುಂಬಯಿಯ ಸಿ. ಎಫ್. ಸ್ಟೀವನ್ಸ್ ರಚಿಸಿದರು, ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣವನ್ನು ರೂಪಿಸಿದವರ ಮಗ ಅವರು. ಈ ನಡುವೆ, 1908ರ ಜುಲೈನಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ ಕಾಮರ್‌ಲಿಂಗ್ ಓನ್ನೆಸ್ ಹೀಲಿಯಂ ಅನ್ನು ದ್ರವೀಕರಿಸಿದರು. ಲಂಡನ್ನಿನಲ್ಲಿ ಟ್ರಾವರ್ಸ್ ಅವರೂ ಪ್ರಯತ್ನಿಸಿ ಕೈಗೂಡದೆ ಬಿಟ್ಟಿದ್ದ ಕೆಲಸ ಅದು. ಆ ಹೊತ್ತಿಗೆ ಅವರು ಕಲ್ಲು, ಗಾರೆ, ಕಡತಗಳ ನಡುವೆ ಇದ್ದರು. ಬೆಂಗಳೂರಿಗಾಗಿ ಅವರು ತೆತ್ತ ಬೆಲೆಯನ್ನು ಎಣಿಸುವಾಗ ಇದನ್ನು ಬಿಡಲಾಗದು.

ಕೆಲಸ ಮೇಲೆದ್ದಷ್ಟೂ ಮನಸ್ಸುಗಳು ಮುರಿದವು. ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಸ್ವಭಾವ ಟ್ರಾವರ್ಸ್ ಅವರದು. ಟಾಟಾ ಮನೆತನದ ಪರವಾಗಿ ಸಂಸ್ಥೆಗಾಗಿ ದುಡಿದಿದ್ದ ಬರ್ಜೋರ್‌ಜಿ ಪಾದಶಾ ಅವರಿಗೂ ಅವರಿಗೂ ಸರಿಬೀಳಲಿಲ್ಲ, ಪ್ರಾಧ್ಯಾಪಕರೂ ದೂರವಾದರು. ದಾನಿಗಳು, ಸರ್ಕಾರ, ಸಂಸ್ಥಾನ ಹೀಗೆ ಮೂರು ಯಜಮಾನಿಕೆಗಳ ನಡುವೆ ಸಿಕ್ಕಿದವರು ಯಾರಿದ್ದರೂ ತೊಡಕಾಗುತ್ತಿತ್ತೆನ್ನಬಹುದು. ಆದರೂ ದೋಷದ ದೊಡ್ಡ ಪಾಲು ನಿರ್ದೇಶಕರದೇ ಎನ್ನದೆ ವಿಧಿಯಿಲ್ಲ. 1914ರಲ್ಲಿ ಅವರು ರಾಜೀನಾಮೆಯಿತ್ತು ಇಂಗ್ಲೆಂಡಿಗೆ ಮರಳಿದರು. ಅದಾದ ಕೆಲವೇ ವರ್ಷಗಳಲ್ಲಿ ಅದೇ ಊರಿನ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡಗೂಡಿ ಕನ್ನಡದಲ್ಲಿ 'ವಿಜ್ಞಾನ' ಪತ್ರಿಕೆಯನ್ನು ನಡೆಸಿದರು.

ಯುದ್ಧ ಬಂತು. ಜರ್ಮನಿಯಿಂದ ಬರುತ್ತಿದ್ದ ಪ್ರಯೋಗಾಲಯದ ಗಾಜು ನಿಂತುಹೋದಾಗ, ಟ್ರಾವರ್ಸ್ ಗಾಜಿನ ಕಾರ್ಖಾನೆಯೊಂದನ್ನು ನಡೆಸಿ ಆ ಕೊರತೆಯನ್ನು ನೀಗಲು ನೆರವಾದರು. ಆಮೇಲೆ ಕುಲುಮೆಗಳ ಉದ್ಯಮ. 1927ರಲ್ಲಿ ಗೌರವ ಪ್ರಾಧ್ಯಾಪಕರಾಗಿ ಬ್ರಿಸ್ಟಲಿಗೆ ಮರಳಿ ಹತ್ತು ವರ್ಷ ಮತ್ತೆ ಅನಿಲಗಳ ಜೊತೆಯಲ್ಲಿಯೇ ಕಳೆದರು. ಈ ಸಲ ಕಾಯಿಸಿದ ಸಾವಯವ ಆವಿಗಳ ವಿಘಟನೆಯನ್ನು ಕುರಿತು. ತಮ್ಮ ಗುರು ರ‍್ಯಾಮ್ಸೆ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದಾಗ, 1956ರಲ್ಲಿ, ಅವರಿಗೆ ಎಂಬತ್ತನಾಲ್ಕು. 1961ರ ಆಗಸ್ಟ್ 25ರಂದು ಗ್ಲಾಸ್ಟರ್‌ಷೈರಿನ ಸ್ಟ್ರೌಡ್‌ನಲ್ಲಿ ಅವರು ನಿಧನರಾದರು.