ಸಾಲದ ಸುಳಿಯಲ್ಲಿ ಸಿಕ್ಕ ಪಂಡಿತ

ಅರ್ಥಶಾಸ್ತ್ರ ನನ್ನ ವಿಷಯವಲ್ಲ. ತರಗತಿಯಲ್ಲಿ ಹಳಗನ್ನಡ ಕಾವ್ಯವನ್ನು ಹೇಳಿಕೊಡುವವನು ನಾನು. ಆದರೂ 2008ರಲ್ಲಿ ಅಮೆರಿಕದ ಮನೆಸಾಲಗಳು ಕೆಟ್ಟು ಲೋಕದ ಬ್ಯಾಂಕುಗಳು ತತ್ತರಿಸಿದಾಗ ಬಲ್ಲವರು ಮತ್ತೆ ನೆನೆದ ಹೆಸರೊಂದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದು ಇರ್ವಿಂಗ್ ಫಿಷರನದು.

1867ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಈತನು ಹದಿನೇಳರ ಹರೆಯದಲ್ಲಿ ತಂದೆಯನ್ನು ಕ್ಷಯರೋಗಕ್ಕೆ ಕಳೆದುಕೊಂಡನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದಿ ಅಲ್ಲಿಯೇ ಪ್ರಾಧ್ಯಾಪಕನಾದ 1898ರಲ್ಲಿ ಅದೇ ರೋಗ ಆತನನ್ನೂ ಹಿಡಿಯಿತು. ಮೂರು ವರ್ಷ ಹೆಣಗಿ ಉಳಿದುಕೊಂಡನು. ಸರಕಿನ ಬೆಲೆಯಂತೆ ಹಣದ ಬೆಲೆಯೂ ಏರಿಳಿಯುವುದು, ಜನರು ಮಾತ್ರ ಅದನ್ನು ಕಾಣರು ಎಂಬುದು ಆತನು ಬಾಳೆಲ್ಲ ಬೋಧಿಸಿದ ತತ್ತ್ವ. ಕಚೇರಿಯ ಕಾರ್ಡುಗಳನ್ನು ತಲೆಬರಹ ಕಾಣುವಂತೆ ಜೋಡಿಸಿಡುವ ಸಾಧನವೊಂದನ್ನೂ ಕಂಡುಹಿಡಿದನು. ಅದನ್ನು ತಯಾರಿಸುತ್ತಿದ್ದ ತನ್ನ ಕಂಪನಿಯನ್ನು 1925ರಲ್ಲಿ ಪ್ರತಿಸ್ಪರ್ಧಿಯ ಕಂಪನಿಯೊಡನೆ ಕೂಡಿಸಿ ಧನವಂತನಾದನು. ಅಲ್ಲಿಗೆ ನಿಲ್ಲಬಹುದಾಗಿತ್ತು. ನಿಲ್ಲದೆ, ಸಾಲ ಮಾಡಿ ಇನ್ನಷ್ಟು ಷೇರುಗಳನ್ನು ಕೊಂಡನು.

1929ರ ಅಕ್ಟೋಬರಿನ ನಡುವೆ, ಷೇರುಗಳ ಬೆಲೆ ಏರಿದ ಎತ್ತರದಲ್ಲಿಯೇ ನೆಲೆಯಾಗಿ ನಿಲ್ಲುವುದೆಂದು ಸಾರಿದನು. ತಿಂಗಳು ಮುಗಿಯುವ ಮೊದಲೇ ಪೇಟೆ ಕುಸಿಯಿತು. 1932ರ ಜುಲೈ ವೇಳೆಗೆ ನ್ಯೂಯಾರ್ಕಿನ ಷೇರುಗಳು ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬೆಲೆಯನ್ನು ಕಳೆದುಕೊಂಡಿದ್ದವು. ಫಿಷರನ ಐಶ್ವರ್ಯವೂ ಅದರೊಡನೆ ಹೋಯಿತು. ಊರೆಲ್ಲ ನಕ್ಕಿತು.

ನಗೆಪಾಟಲಾದ ಆ ಮನುಷ್ಯನು ಬಾಯಿ ಮುಚ್ಚಿ ಕೂಡಲಿಲ್ಲ. ತಾನೆಲ್ಲಿ ಎಡವಿದೆನೆಂದು ಹುಡುಕಿದನು. 1933ರಲ್ಲಿ, ತಾನೇ ಮೊದಲ ಅಧ್ಯಕ್ಷನಾಗಿದ್ದ ಸಂಘದ ಹೊಸ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ಷೇರಿನ ಜೂಜು ತಾನಾಗಿಯೇ ಇಷ್ಟು ಹಾನಿ ಮಾಡದು, ಸಾಲದ ಹಣದಿಂದ ಆಡಿದ ಜೂಜು ಮಾಡುತ್ತದೆ ಎಂಬುದು ಅದರ ತಿರುಳು. ಗೋಧಿ ಮೂಟೆಗೆ ಎರಡು ಡಾಲರ್ ಇದ್ದಾಗ ಸಾವಿರ ಡಾಲರ್ ಸಾಲ ಮಾಡಿದ ರೈತನನ್ನು ನೆನೆಯಿರಿ. ಐನೂರು ಮೂಟೆ ಮಾರಿದರೆ ಅವನು ಋಣಮುಕ್ತ. ಆದರೆ ಸಾಲಗಾರರೆಲ್ಲರೂ ಹೆದರಿ ಒಮ್ಮೆಗೇ ಮಾರತೊಡಗಿದರೆ ಬೆಲೆ ಬೀಳುತ್ತದೆ. ಮೂಟೆಗೆ ಒಂದು ಡಾಲರಾದಾಗ ಸಾವಿರ ಮೂಟೆ ಬೇಕು. ತೀರಿಸಿದಷ್ಟೂ ಸಾಲ ಭಾರವಾಗುತ್ತದೆ. 1933ರ ಮಾರ್ಚ್ ವೇಳೆಗೆ ಅಮೆರಿಕದ ಸಾಲಗಳು ನೂರಕ್ಕೆ ಇಪ್ಪತ್ತರಷ್ಟು ಇಳಿದಿದ್ದರೂ, ಡಾಲರಿನ ಬೆಲೆ ಏರಿದ್ದರಿಂದ ಅವುಗಳ ನಿಜವಾದ ಹೊರೆ ನೂರಕ್ಕೆ ನಲವತ್ತರಷ್ಟು ಹೆಚ್ಚಿತ್ತೆಂದು ಆತನು ಲೆಕ್ಕ ಹಾಕಿದನು. ಸಾಲದ ಶೂಲವನ್ನು ಕುರಿತು ನಮ್ಮ ಹಿರಿಯರು ಹೇಳಿದ್ದೆಲ್ಲ ಒಬ್ಬ ಸಾಲಗಾರನ ಪಾಡು; ಇಡೀ ನಾಡೇ ಸಾಲಗಾರನಾದರೆ ಮಿತವ್ಯಯವೇ ಮುಳುವಾಗುವುದೆಂಬ ಈ ಮಾತು ನನಗೆ ಹೊಸದು.

ಈ ಅರಿವಿಗೆ ಆತನು ತೆತ್ತ ಬೆಲೆ ಅಲ್ಪವಲ್ಲ. ಹೆಂಡತಿಯ ಅಕ್ಕನ ಮುಂದೆ ಸಾಲಕ್ಕಾಗಿ ಮತ್ತೆ ಮತ್ತೆ ಕೈಯೊಡ್ಡಬೇಕಾಯಿತು. ಮನೆ ಕೈಬಿಡುವ ಹೊತ್ತಿಗೆ ಯೇಲ್ ವಿಶ್ವವಿದ್ಯಾನಿಲಯವೇ ಅದನ್ನು ಕೊಂಡು ಆತನಿಗೆ ಬಾಡಿಗೆಗೆ ಕೊಟ್ಟಿತು. ತಪ್ಪಿದ ಭವಿಷ್ಯವನ್ನು ಮರೆಯದ ಜನ ಆ ಲೇಖನಕ್ಕೆ ಹೆಚ್ಚು ಕಿವಿಗೊಡಲಿಲ್ಲ. 1947ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಫಿಷರನು ನ್ಯೂಯಾರ್ಕಿನಲ್ಲಿ ತೀರಿಕೊಂಡನು.