ಫ್ಯಾರಡೆ ಮತ್ತು ಅಧೀನ ವಾಕ್ಯ

ಮಿಶ್ರವಾಕ್ಯ ಕನ್ನಡ ತರಗತಿಯ ವಿಷಯ, ವಿಜ್ಞಾನಕ್ಕೆ ಅದರ ಗೊಡವೆಯಿಲ್ಲ ಎಂದು ಭಾವಿಸುವುದುಂಟು. ಅಭ್ಯಾಸ ಬೋಧನೆಗಾಗಿ ಮೈಕಲ್ ಫ್ಯಾರಡೆ ಅವರ ಜೀವನವನ್ನು ಓದಿದ ಮೇಲೆ, ಅದು ನಮ್ಮ ತರಗತಿಗೂ ಸೇರಿದ್ದೆಂದು ನನಗೆ ಅನಿಸಿದೆ.

1791ರ ಸೆಪ್ಟೆಂಬರ್ 22ರಂದು ಲಂಡನ್ ಬಳಿ ಕಮ್ಮಾರನ ಮಗನಾಗಿ ಹುಟ್ಟಿದ ಫ್ಯಾರಡೆ ಅವರಿಗೆ ಓದು, ಬರಹ, ಲೆಕ್ಕದಷ್ಟೇ ಶಾಲೆಯಲ್ಲಿ ದೊರೆಯಿತು. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿಕೊಂಡರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ ಟಿಪ್ಪಣಿ ಬರೆದು, ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕರಾದರು. ಗೆಳೆಯ ಎಡ್ವರ್ಡ್ ಮ್ಯಾಗ್ರಾತ್ ಮೊದಲಾದವರೊಡನೆ ವಾರಕ್ಕೊಮ್ಮೆ ಕುಳಿತು, ವಾಕ್ಯರಚನೆ ಮತ್ತು ಉಚ್ಚಾರಣೆಯನ್ನು ವರ್ಷಗಟ್ಟಲೆ ತಿದ್ದಿಕೊಂಡರು.

ಆ ಶ್ರಮ ಮುಂದೆ ಫಲ ಕೊಟ್ಟಿತು. ಉನ್ನತ ಗಣಿತ ಕಲಿಯದ ಅವರು ತಮ್ಮ ಶೋಧಗಳನ್ನು ಸಮೀಕರಣಗಳಲ್ಲಲ್ಲ, ವಾಕ್ಯಗಳಲ್ಲೇ ಹೇಳಬೇಕಿತ್ತು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ತಂತಿ ಸುರುಳಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿ ಜೋಡಿಸಿದರು. ಜೋಡಿಸಿದ ಕ್ಷಣ ಮತ್ತು ಬಿಡಿಸಿದ ಕ್ಷಣ ಮಾತ್ರ ಇನ್ನೊಂದು ಸುರುಳಿಗೆ ಹೊಂದಿಸಿದ್ದ ಕಾಂತಸೂಜಿ ಅಲುಗಿತು. ಅಕ್ಟೋಬರ್ 17ರಂದು ಸುರುಳಿಯೊಳಗೆ ದಂಡಕಾಂತವನ್ನು ತೂರಿಸಿದಾಗಲೂ ಹೊರಗೆಳೆದಾಗಲೂ ವಿದ್ಯುತ್ ಹರಿಯಿತು. ಅಲುಗಿಸದೆ ಇಟ್ಟಾಗ ಹರಿಯಲಿಲ್ಲ.

ಇದನ್ನು ಮಿಶ್ರವಾಕ್ಯವಾಗಿ ಬರೆಯೋಣ: ಕಾಂತವು ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಪ್ರಧಾನ ವಾಕ್ಯ. ಅದು ತಾನೇ ನಿಲ್ಲುತ್ತದೆ. ಕಾಂತವು ಚಲಿಸಿದಾಗ ಎಂಬುದು ಅಧೀನ ವಾಕ್ಯ. ಒಂಟಿಯಾಗಿ ಅದರ ಅರ್ಥ ಪೂರ್ಣವಾಗದು. ಆದರೆ ಫ್ಯಾರಡೆಯವರ ಶೋಧ ಇರುವುದು ಒಂಟಿಯಾಗಿ ನಿಲ್ಲಲಾರದ ಈ ಭಾಗದಲ್ಲೇ. ಅದನ್ನು ತೆಗೆದರೆ ವ್ಯಾಕರಣ ಕೆಡುವುದಿಲ್ಲ, ವಿಜ್ಞಾನ ಕೆಡುತ್ತದೆ.

ಉತ್ತರವನ್ನು ಚಿಕ್ಕದಾಗಿಸುವ ಮಕ್ಕಳು ಮೊದಲು ಕೈಬಿಡುವುದೂ ಇದನ್ನೇ. ಓಮ್‌ನ ನಿಯಮದಲ್ಲಿ ತಾಪ ಸ್ಥಿರವಾಗಿದ್ದರೆ ಎಂಬ ಮಾತು ಹಾಗೆಯೇ ಬಿಟ್ಟುಹೋಗುತ್ತದೆ. ಆದ್ದರಿಂದ ನನ್ನ ಪಾಠಯೋಜನೆಯಲ್ಲಿ ಒಂದು ಚಟುವಟಿಕೆ ಸೇರಿಸಿದ್ದೇನೆ: ಪ್ರಧಾನ ವಾಕ್ಯವನ್ನಷ್ಟೇ ಕಪ್ಪುಹಲಗೆಯ ಮೇಲೆ ಬರೆದು, ಯಾವಾಗ, ಯಾವ ಷರತ್ತಿನಲ್ಲಿ ಎಂದು ಕೇಳುವುದು, ಪ್ರಯೋಗ ನೋಡಿದ ಮಕ್ಕಳೇ ಅಧೀನ ವಾಕ್ಯವನ್ನು ಜೋಡಿಸುವುದು.

1867ರ ಆಗಸ್ಟ್ 25ರಂದು ಫ್ಯಾರಡೆ ತೀರಿಕೊಂಡರು. ಅವರು ವಾಕ್ಯಗಳಲ್ಲಿ ಹೇಳಿದ್ದಕ್ಕೆ ಗಣಿತದ ರೂಪ ಕೊಟ್ಟವರು ಮ್ಯಾಕ್ಸ್‌ವೆಲ್. ನಮ್ಮ ಮಕ್ಕಳಿಗೂ ಸೂತ್ರಕ್ಕಿಂತ ಮೊದಲು ಪೂರ್ಣ ವಾಕ್ಯ ಸಿಗಲಿ.